ಪಾಸ್ಖದ ರಾತ್ರಿ, ಶಿಡ್ಲಘಟ್ಟ

ರಾಮನಗರದಲ್ಲಿ ದರ ಬಿದ್ದಿದೆ ಎಂದರು.
ಕಾಲಿಗೆ ಸಿಮೆಂಟು ಕಟ್ಟಿಸಿಕೊಂಡ ಗಂಡ
ಮಂಚದಿಂದಲೇ ತೀರ್ಮಾನ ಮಾಡಿದ:
ಶಿಡ್ಲಘಟ್ಟಕ್ಕೇ ಹಾಕು,
ಗೂಡು ಹಬ್ಬ ನೋಡಿ ಕಾಯೋದಿಲ್ಲ.

ಒಗೆದಿಟ್ಟ ಬಿಳಿ ಸೀರೆ ಗಳದ ಮೇಲೇ ಬಿಟ್ಟು
ಶನಿವಾರ ಮಧ್ಯಾಹ್ನ ಟೆಂಪೋ ಹತ್ತಿದೆ,
ಚೀಲಗಳ ನಡುವೆ ಒಂದು ಚೀಲವಾಗಿ.
ಹದಿನೇಳು ವರ್ಷದಿಂದ ಜಾಗರಣೆಯ ಮೊದಲ ವಾಚನ ನನ್ನದು.
ಈ ಸಲ ಯಾರು ಓದುತ್ತಾರೋ.
ಉಪದೇಶಿ ಇನ್ನಾಸಪ್ಪನ ಸೊಸೆಯೇ ಇರಬೇಕು,
ಅವಳ ಬಾಯಲ್ಲಿ ಅಗಾಧವೂ ಅಗಾದವೇ.

ಬೂದಿ ಬುಧವಾರ ಕಳೆದ ಮೂರನೇ ವಾರ ಚಾಕಿ ತಂದದ್ದು.
ಎರಡು ಜ್ವರ ಅಲ್ಲೇ ಮುಗಿಸಿ ಬಂದಿದ್ದವು,
ಉಳಿದೆರಡು ನಮ್ಮ ಹುಳುಮನೆಯಲ್ಲಿ.
ನನಗೆ ಶುಕ್ರವಾರ ಒಪ್ಪೊತ್ತು,
ಅವಕ್ಕೆ ಹೊತ್ತುಹೊತ್ತಿಗೂ ಸೊಪ್ಪು.
ಶಿಲುಬೆ ಹಾದಿಯನ್ನೂ ತಟ್ಟೆಗಳ ಸಾಲಿನಲ್ಲೇ ನಡೆದೆ.
ಅವನು ಬಿದ್ದ ಮೂರು ತಾಣದಲ್ಲೂ
ನಾನು ಬಗ್ಗಿದ್ದು ಹಣ್ಣಾದ ಹುಳು ಆಯಲು.
ಕೋಪ ಮಾಡಿಕೊಂಡಿರಲಾರ,
ಬಡಗಿಯ ಮನೆಯ ಹುಡುಗ.

ಬೆವರಬಾರದೆಂದು ಗೂಡನ್ನು ಜಾಲರಿಯಲ್ಲಿ ಹರವಿ
ಮಡಿಲಿಂದ ತೆಗೆದೆ,
ಹೋದ ವರ್ಷದ ಮೇಣದಬತ್ತಿ, ಅರ್ಧ ಉರಿದದ್ದು.
ಕಾವಲಿನ ಗಂಗುಲಪ್ಪ ಕೋಲು ಕುಟ್ಟಿದ:
ಇಲ್ಲಿ ಬೀಡಿಯೂ ಇಲ್ಲ, ಬತ್ತಿಯೂ ಇಲ್ಲಮ್ಮ,
ಒಂದು ಕಿಡಿ ಬಿದ್ದರೆ ನಿನ್ನ ಗೂಡೂ ಇಲ್ಲ, ನನ್ನ ಕೆಲಸವೂ ಇಲ್ಲ.

ಹೊರಗೆ, ನೀರಿನ ತೊಟ್ಟಿಯ ಮರೆಗೆ ಹೋಗಿ ಹಚ್ಚಿದೆ.
ಗಾಳಿ ಆರಿಸಿತು.
ಹಚ್ಚಿದೆ. ಆರಿಸಿತು.
ಮೂರನೆಯ ಕಡ್ಡಿಗೆ ಅವನೇ ಬಂದು
ಎರಡೂ ಅಂಗೈ ಅಡ್ಡ ಹಿಡಿದ.
ಯಾವ ಹಬ್ಬ? ಎಂದ. ಕಥೆ ಇದ್ದರೆ ಹೇಳು,
ನಿದ್ದೆ ಹತ್ತಬಾರದು ನನಗೆ.

ಪುಸ್ತಕವಿಲ್ಲ. ನಾಲಗೆಯಲ್ಲಿ ಉಳಿದಷ್ಟೇ.
ಮೊದಲು ಏನೂ ಇರಲಿಲ್ಲ, ಎಂದೆ.
ಹೂಂ, ಎಂದ.
ಬರೀ ಕತ್ತಲು, ನೀರು, ನೀರ ಮೇಲೆ ಸುಳಿಯುವ ಉಸಿರು.
ಹೂಂ.
ಬೆಳಕಾಗಲಿ ಅಂದ, ಆಯಿತು.
ಹೂಂ, ಆಮೇಲೆ?
ಊರಲ್ಲಿ ಮುನ್ನೂರು ಗಂಟಲು ಒಟ್ಟಿಗೆ
ಕೃತಜ್ಞತೆ ಹೇಳುವ ಕಡೆ
ಎಲೆಯಡಿಕೆ ತುಂಬಿದ ಒಂದೇ ಬಾಯಿ.
ನನ್ನ ಸಭೆ ಅಷ್ಟೇ. ಅಷ್ಟಿದ್ದರೂ
ಮೀನು, ಹಕ್ಕಿ, ಹರಿದಾಡುವ ಹುಳುವಿನವರೆಗೆ
ಒಂದನ್ನೂ ಬಿಡದೆ ಹುಟ್ಟಿಸಿದೆ.
ಹುಳು ಬಂದಾಗ ಅವನ ಹೂಂ ಜೋರಾಗಿತ್ತು.

ಏಳನೆಯ ದಿನ ದೇವರು ಬಿಡುವು ಪಡೆದ, ಎಂದೆ.
ಹೂಂ ಬರಲಿಲ್ಲ. ಗೊರಕೆ ಬಂತು.
ಕೆಂಪು ಕಡಲನ್ನು ನಾನೊಬ್ಬಳೇ ದಾಟಿದೆ.

ಹನ್ನೆರಡಾಯಿತು. ಈಗ ಊರಲ್ಲಿ ಗಂಟೆ.
ಈಗ ಪರದೆ ಸರಿಸಿರುತ್ತಾರೆ.
ಮೊಬೈಲು ಕೈಯಲ್ಲೇ ಇತ್ತು, ಸದ್ದಿಲ್ಲ.
ಹುಣ್ಣಿಮೆ ಕಳೆದ ಚಂದ್ರ ತಗಡಿನ ಮಾಡಿನ ಮೇಲೆ.
ಒಳಗೆ ನಲವತ್ತು ಸಾವಿರ ಗೂಡು,
ಒಂದೊಂದರಲ್ಲೂ ಒಬ್ಬ ಮಲಗಿದವ,
ಬೆಳಗಾದರೆ ಕುದಿನೀರಿಗೆ.
ಹಾಡಬೇಕಿದ್ದ ಅಲ್ಲೆಲೂಯ
ಹಲ್ಲಿನ ಹಿಂದೆಯೇ ಹಾಡಿಕೊಂಡೆ.

ನಸುಕಿನ ನಮಾಜು ಮುಗಿಸಿ ಬಂದ ಅಮಾನುಲ್ಲಾ ಸಾಹೇಬರು
ಹಿಡಿ ಗೂಡೆತ್ತಿ ಕಿವಿಯ ಬಳಿ ಕುಲುಕಿದರು.
ಒಳಗಿನದು ಅವರಿಗೇನೋ ಹೇಳಿತು. ತಲೆಯಾಡಿಸಿದರು.
ಕೆಜಿಗೆ ಆರುನೂರ ಹತ್ತು.
ಕೊನೆಗೆ ಒಂದನ್ನು ಮಾತ್ರ ಬೆರಳಲ್ಲಿ ಹಿಡಿದು
ಪಕ್ಕಕ್ಕೆ ಎಸೆದರು: ತೂತುಗೂಡು.
ನೂಲು ಬರೋಲ್ಲಮ್ಮ ಇದರಲ್ಲಿ, ಊಜಿ ಕೊರೆದಿದೆ.

ಊಜಿಯೇ ಇರಬಹುದು. ಚಿಟ್ಟೆಯೂ ಇರಬಹುದು.
ಹೊರಟದ್ದನ್ನು ನಾನೂ ನೋಡಲಿಲ್ಲ,
ಗಂಗುಲಪ್ಪನಂತೂ ನಿದ್ದೆಯಲ್ಲಿದ್ದ.

ನೋಟು ಎಣಿಸಿ ಕಟ್ಟಿದ ಸೆರಗಿನ ಗಂಟಿನಲ್ಲೇ
ಅದನ್ನೂ ಇಟ್ಟುಕೊಂಡೆ.
ಬಸ್ಸು ಚಿಕ್ಕಬಳ್ಳಾಪುರ ದಾಟುವವರೆಗೆ
ಆಗಾಗ ಮುಟ್ಟಿ ನೋಡಿದೆ.
ತೂಕವೇ ಇರಲಿಲ್ಲ.