ಕಬ್ಬಿಣ

ಮಲ್ಪೆಯ ಧಕ್ಕೆಯಲ್ಲಿ ದಾಮಣ್ಣ ಬಿದ್ದಾಗ
"ಕಬ್ಬಿಣ ಕೊಡಿ, ಕಬ್ಬಿಣ" ಎಂದರು ಎಲ್ಲರೂ.
ಐಸ್ ಲಾರಿಯ ಚಾವಿ, ಯಾರದೋ ಸ್ಕೂಟರಿನದು,
ಜಲಜಕ್ಕನ ಸೊಂಟದಿಂದ ಗೋದ್ರೇಜಿನ ಗೊಂಚಲು,
ಎಲ್ಲವೂ ಅವನ ಬಿಗಿದ ಮುಷ್ಟಿಗೆ.

ನಾನು ಅವನನ್ನು ಮಗ್ಗುಲಿಗೆ ಹೊರಳಿಸಿ
ತಲೆಯಡಿಗೆ ಹಳೆ ಬಲೆಯ ಮುದ್ದೆ ಇಟ್ಟೆ.
ವಾಚು ನೋಡಿದೆ. ಎರಡು ನಿಮಿಷ.
ಏಲಂ ನಿಲ್ಲಲಿಲ್ಲ,
ಬಂಗುಡೆ ಬುಟ್ಟಿಗೆ ಇನ್ನೂರು ಏರಿತು.

"ಸ್ಟಾಕ್ ಬಂದಿಲ್ಲ, ಸೋಮವಾರ ಬನ್ನಿ"
ಮೂರು ಸೋಮವಾರ ಕಳೆದಿತ್ತು.
ಮಣಿಪಾಲಕ್ಕೆ ಬಸ್ಸುಂಟು, ಬೇಕಾದಷ್ಟುಂಟು;
ಹೋದ ದಿನದ ಕೂಲಿ ಇಲ್ಲ, ಅಷ್ಟೇ.
ಇದ್ದ ಮಾತ್ರೆಯನ್ನು ಅರ್ಧ ಮಾಡಿ ನುಂಗಿದ,
ಆಮೇಲೆ ಕಾಲು.
"ಪುಡಿಗೂ ಗುಣ ಉಂಟು ಮಾರಾಯ್ತಿ" ಎಂದು
ಖಾಲಿ ಪಟ್ಟಿ ಕೊಡವಿ ನಕ್ಕಿದ್ದ.

ಎಚ್ಚರವಾಗಿ ಮುಷ್ಟಿ ಬಿಚ್ಚಿದ.
ಅಂಗೈ ತುಂಬ ಹಲ್ಲುಗಳ ಅಚ್ಚು.
ಒಬ್ಬೊಬ್ಬರೇ ಬಂದು
ತಂತಮ್ಮ ಚಾವಿ ಒರೆಸಿಕೊಂಡು ಹೋದರು.
ತಾಂಡೇಲ ನನ್ನ ಮುಖ ನೋಡಲಿಲ್ಲ;
"ನಾಳೆಯಿಂದ ಇವನಿಗೆ ದಡದ ಕೆಲಸ"
ಎಂದ, ಸಮುದ್ರಕ್ಕೆ.

ಸೋಮವಾರವಲ್ಲದಿದ್ದರೂ ಸಂಜೆ ಆಸ್ಪತ್ರೆಗೆ ಹೋದೆ.
ಔಷಧದ ಕಪಾಟಿಗೆ ಬೀಗವಿರಲಿಲ್ಲ,
ಬಾಗಿಲು ಹಾರೊಡೆದಿತ್ತು.
ಒಳಗೆ, ನಡು ತಟ್ಟೆಯಲ್ಲಿ,
ಸಿಸ್ಟರಿನ ಬುತ್ತಿ ಡಬ್ಬಿ.