ಕೀಲು, ಕೀಲಿ

ರೂವಿಯಲ್ಲಿ ನಮ್ಮಂಥವರ ಬಾಗಿಲಿಗೆ ಕಾಗದ ಬರುವುದಿಲ್ಲ.
ಅಂಚೆ ಕಚೇರಿಯ ಗೋಡೆ ತುಂಬ ಪುಟ್ಟ ಪುಟ್ಟ ಕಬ್ಬಿಣದ ಕದ,
ಒಂದೊಂದಕ್ಕೂ ಒಂದು ಕೀಲಿ.
ಇಪ್ಪತ್ತಾರು ವರ್ಷ ಕಂಪನಿಯ ಪೆಟ್ಟಿಗೆ ತೆರೆದವನು ನಾನು,
ಸಾವಿರದ ನಾನೂರ ಹನ್ನೆರಡು.
ಕೆಳಗಿನ ಸಾಲು. ಬಗ್ಗಬೇಕು.

ಬಗ್ಗುವುದು ಕಷ್ಟವಾಯಿತು. ಬಲ ಮೊಣಕಾಲು.
ಮಲಯಾಳಿ ವೈದ್ಯರ ಎಣ್ಣೆ ಹಚ್ಚಿದೆ, ಪಟ್ಟಿ ಬಿಗಿದೆ,
ರೂಮಿನ ಕೆಂಚಪ್ಪ ದಿನಾ ರಾತ್ರಿ ಉಪ್ಪಿನ ಗಂಟು ಕಾಯಿಸಿ ಇಟ್ಟ.
ಮೊಣಕಾಲಿನ ಫೋಟೋ ಎರಡು ಸಲ ತೆಗೆಸಿದೆ,
ಹನ್ನೆರಡು ರಿಯಾಲು ಒಂದಕ್ಕೆ.
ಚೊಕ್ಕ ಇದೆ, ಅಂದರು.
ಹಾಗಾದರೆ ನಾನು ಸುಳ್ಳುಗಾರ.

ಡಾಕ್ಟರ್ ಇಹ್ಸಾನ್, ಸುಡಾನಿನ ಹೆಂಗಸು, ಮೊಣಕಾಲು ಮುಟ್ಟಲೇ ಇಲ್ಲ.
"ಕಾಲುಚೀಲ ಯಾರು ಹಾಕುತ್ತಾರೆ?" ಮುರುಕು ಹಿಂದಿಯಲ್ಲಿ ಕೇಳಿದರು.
ಬೂಟು ಬಿಟ್ಟು ಚಪ್ಪಲಿಗೆ ಇಳಿದು ವರ್ಷವಾಗಿತ್ತು;
ಸೆಕೆ ಅಂತ ಎಲ್ಲರಿಗೂ ಹೇಳಿದ್ದೆ, ನನಗೂ.
"ಉಗುರು?"
ಕೆಂಚಪ್ಪ. ಶುಕ್ರವಾರ ಬೆಳಿಗ್ಗೆ,
ನನ್ನ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು, ಬೈಯುತ್ತಾ.
ಹೇಳಲು ನಾಚಿಕೆ. ಹೇಳಿದೆ.
"ನೆಲದ ಮೇಲೆ ಕೂರುವುದು?"
ಚಕ್ಕಳಮಕ್ಕಳಕ್ಕೆ ಹಿಂದಿ ಗೊತ್ತಿಲ್ಲ ನನಗೆ.
ಎರಡು ಕೈ ಮಡಚಿ ತೋರಿಸಿ ತಲೆಯಾಡಿಸಿದೆ.

ಮಲಗಿಸಿದರು. ಎಡಗಾಲು ಮಡಚಿ ಹಿಡಿದು
ಪಾದ ಹೊರಕ್ಕೆ ಸರಿಸಿದರೆ ತೊಡೆ ಸುಮ್ಮನೆ ಒಳಕ್ಕೆ ಹೊರಳಿತು.
ಬಲಗಾಲು—
ಆ ತಡೆ ನನಗೆ ಗೊತ್ತು.
ಉಪ್ಪುಗಾಳಿ ತಿಂದ ಪೆಟ್ಟಿಗೆಗೆ ಕೀಲಿ ಹೋಗುತ್ತದೆ,
ಕೂದಲೆಳೆಯಷ್ಟು ತಿರುಗುತ್ತದೆ, ನಿಲ್ಲುತ್ತದೆ.
ಇನ್ನೂ ಒತ್ತಿದರೆ ಮುರಿಯುವುದು ಕೀಲಿಯೇ.
ಅವರು ಒತ್ತಲಿಲ್ಲ.
ತೊಡೆಸಂದಿಗೆ ಹೆಬ್ಬೆರಳಿಟ್ಟು, "ಇಲ್ಲಿ?" ಅಂದರು.
ನಾನು ಕೂಗಿದ್ದು ಕನ್ನಡದಲ್ಲಿ. ಅವರಿಗೆ ಅರ್ಥವಾಯಿತು.

ಹೊಸ ಫೋಟೋದಲ್ಲಿ ಎಡಗಡೆ
ಎಲುಬಿನ ಗುಂಡು, ಅದು ಕೂತ ಗುಂಡಿ,
ನಡುವೆ ಕಾಡಿಗೆಯ ಹಾಗೆ ಒಂದು ಕಪ್ಪು ಗೆರೆ.
ಬಲಗಡೆ ಯಾರೋ ಗೆರೆ ಒರೆಸಿಬಿಟ್ಟಿದ್ದಾರೆ,
ಬಿಳಿಗೆ ಬಿಳಿ ತಾಗಿ ಕೂತಿದೆ,
ಅಂಚಿನಲ್ಲಿ ಬೇಡದ ಕೊಕ್ಕೆಯೊಂದು ಬೆಳೆದಿದೆ.
"ಸವೆತ," ಅಂದರು. ಉದ್ದನೆಯ ಹೆಸರು ಬರೆದುಕೊಟ್ಟರು.
"ನೋವು ಸೊಂಟದ ಕೀಲಿನದು.
ಮೊಣಕಾಲಿಗೆ ಬಂದು ಬೀಳುತ್ತಿತ್ತು, ಅಷ್ಟೇ."
ಅಷ್ಟು ವರ್ಷ ಪೆಟ್ಟಿಗೆ ತೆರೆದವನಿಗೆ
ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಪರೇಶನ್ನಿನ ಮಾತು, ಕಂಪನಿಯ ವಿಮೆ, ಊರಿನ ರಜೆ,
ಎಲ್ಲ ಭಾನುವಾರಕ್ಕೆ.
ರಾತ್ರಿ ಕೆಂಚಪ್ಪ ಗಂಟು ಕಾಯಿಸಿ ತಂದು
ಎಂದಿನಂತೆ ಮೊಣಕಾಲ ಬಳಿ ಕೂತ.
"ಮೇಲೆ," ಅಂದೆ. "ಇನ್ನೂ ಮೇಲೆ."
ಅವನ ಕೈ ತಡೆಯಿತು, ಆಮೇಲೆ ಸರಿಯಿತು.
"ನಾಲ್ಕು ತಿಂಗಳು," ಅಂದ,
"ಯಾರ ಮನೆ ಬಾಗಿಲು ಬಡಿಯುತ್ತಿದ್ದೆವೋ ಮಾರಾಯ?"