ಒರೆ

ಕತ್ತಿಯ ಬಗ್ಗೆ ಎಲ್ಲರೂ ಕೇಳುತ್ತಾರೆ.
ಯಾವ ಊರಿನದು, ಯಾರು ಬಡಿದಿದ್ದು,
ಎಷ್ಟು ಕೊಟ್ಟೆ, ಕೊಡು ನೋಡೋಣ ಎಂದು
ಹೆಬ್ಬೆರಳ ಉಗುರಿನ ಮೇಲೆ ಅಲಗು ಎಳೆದು
ತಲೆದೂಗುತ್ತಾರೆ.

ಹೇಳುತ್ತೇನೆ: ಬಿಕ್ಕೋಡಿನ ಕಾಳಾಚಾರಿ,
ಮುರಿದ ಲಾರಿಯ ಕಮಾನು ಪಟ್ಟಿ,
ಹಿಡಿಯ ಕೊನೆಯವರೆಗೂ ಒಂದೇ ಉಕ್ಕು,
ಮಡಚುವ ಕೀಲಿಲ್ಲ, ಅಲುಗುವ ಮೊಳೆಯಿಲ್ಲ,
ಮೇಲೆ ಬೀಟೆಮರ.
ತೋಳುಗಾತ್ರದ ಸಿಲ್ವರ್ ಕೊಂಬೆ
ಎರಡೇ ಏಟಿಗೆ.

ಒರೆಯ ಬಗ್ಗೆ ಯಾರೂ ಕೇಳಲಿಲ್ಲ.
ನಾನೂ ಕೇಳಿರಲಿಲ್ಲ.
ಕಾಳಾಚಾರಿ ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ.
ಪೈಪಿನ ತುಂಡು ಕಾಯಿಸಿ ಚಪ್ಪಟೆ ಮಾಡಿ
ಸೈಕಲ್ ಟ್ಯೂಬು ಸುತ್ತಿ
ಸೊಂಟಕ್ಕೆ ಕಟ್ಟಿಕೊಂಡೆ.
ನಡೆದರೆ ಗಲಗಲ.
"ಬಂತು ನೋಡ್ರೋ ಗೆಜ್ಜೆ ಹೋರಿ" ಎಂದು
ಮೇಸ್ತ್ರಿ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಮೇ ತಿಂಗಳ ಕೊನೆ, ಮರಗಸಿ.
ಹಾಲುವಾಣದ ಮೇಲೆ, ನೆಲದಿಂದ ನಲವತ್ತಡಿ,
ಕೊಂಬೆಯಿಂದ ಕೊಂಬೆಗೆ ಮೈ ಹೊರಳಿಸುವಾಗ
ಸೊಂಟ ಹಗುರವಾಯಿತು.
ಅಷ್ಟೇ.
ಕೊಂಬೆ ಬೀಳುವಾಗ ಕೂಗುವುದು ನಮ್ಮ ವಾಡಿಕೆ.
ಕತ್ತಿ ಬೀಳುವಾಗ ನನ್ನ ಬಾಯಿ ಒಣಗಿತ್ತು.

ಕೆಳಗೆ ಸೌದೆ ಆಯುತ್ತಿದ್ದವಳು ರೂಪಾಲಿ,
ಅಸ್ಸಾಮಿನವಳು, ಲೈನ್ ಮನೆಗೆ ಬಂದು ಮೂರು ತಿಂಗಳು.
ಅವಳ ಹವಾಯಿ ಚಪ್ಪಲಿಯ ರಬ್ಬರು ತೂರಿ
ನೆಲಕ್ಕೆ ನಾಟಿ ನಿಂತಿತ್ತು.
ಅಲಗಿಗೂ ಕಿರುಬೆರಳಿಗೂ ನಡುವೆ
ಒಂದು ಭತ್ತದ ಕಾಳಿನಷ್ಟು ಜಾಗ.

ಅವಳು ಕಿರುಚಲಿಲ್ಲ.
ಚಪ್ಪಲಿಯಿಂದ ಮೆಲ್ಲಗೆ ಕಾಲು ಹೊರತೆಗೆದು
ಕತ್ತಿ ಕಿತ್ತು, ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ
ಮೂರು ಸುತ್ತು ಸುತ್ತಿ ಗಂಟು ಹಾಕಿ
ನಾನು ಇಳಿಯುವವರೆಗೂ ಎದೆಗವಚಿ ನಿಂತಿದ್ದಳು.
ನನ್ನ ಕತ್ತಿಗೆ ಸರಿಯಾಗಿ ಕೂತ ಮೊದಲ ಒರೆ ಅದು.

ಭಾನುವಾರ ಆಲೂರಿಗೆ ಹೋದೆ.
ಸಂತೆಮಾಳದ ಹಿಂದೆ ದ್ಯಾವಮ್ಮನ ಅಂಗಡಿ.
ಎತ್ತುಗಳಿದ್ದ ಕಾಲಕ್ಕೆ ಕೊರಳಪಟ್ಟಿ, ಮಿಣಿ, ಬಾರುಕೋಲು;
ಈಗ ಸ್ಕೂಲ್ ಬ್ಯಾಗಿನ ಜಿಪ್ಪು.
ಕತ್ತಿ ನೋಡಿದಳು, ಹೊಗಳಲಿಲ್ಲ.
"ಯಾವ ಕೈ?" ಎಂದಳು.
"ಮರ ತಬ್ಬೋದು ಯಾವ ಮಗ್ಗುಲಿಂದ?"
"ಕುಂತ್ರೆ ತೊಡೆಗೆ ಒತ್ತುತ್ತಾ?"
ಎಬ್ಬಿಸಿ, ಕೂರಿಸಿ, ಬಾಗಿಸಿ,
ಬೆಲ್ಟಿನ ಮೇಲೆ ಸೀಮೆಸುಣ್ಣದ ಗೀಟು ಹಾಕಿದಳು.
ಹೆಣ್ಣು ನೋಡಲು ಹೋದ ಮನೆಯಲ್ಲೂ
ನನ್ನನ್ನು ಇಷ್ಟು ವಿಚಾರಿಸಿರಲಿಲ್ಲ.

ತಂಗಡಿ ತೊಗಟೆಯಲ್ಲಿ ಹದ ಮಾಡಿದ ಎಮ್ಮೆ ಚರ್ಮ.
ನೆನೆಸಿ, ಅಲಗಿಗೆ ಹಾಲಿನ ಕವರು ಸುತ್ತಿ,
ಎರಡೂ ಹೆಬ್ಬೆರಳಲ್ಲಿ ಒತ್ತಿ ಒತ್ತಿ
ಚರ್ಮಕ್ಕೆ ಕತ್ತಿಯ ಗುರುತು ಹಿಡಿಸಿದಳು.
ಹೊಲಿಗೆಯ ಒಳಗೆ ಅಂಚಿಗೆ ಇನ್ನೊಂದು ಪಟ್ಟಿ:
"ಇಲ್ದಿದ್ರೆ ನಿನ್ ಅಲಗು ಮೊದ್ಲು ಕುಯ್ಯೋದು ನನ್ ದಾರಾನ."
ತುದಿಗೊಂದು ತೂತು: "ಒಳಗೆ ಬಂದ ಮಳೆ ಹೊರಗೆ ಹೋಗ್ಲಿ."

ಮೂರು ದಿನ ಬಿಟ್ಟು ಹೋದರೆ
ಕತ್ತಿ ಇಳಿಸಿ, ತಲೆಕೆಳಗೆ ಹಿಡಿದು ಕೊಡವಿದಳು.
ಬೀಳಲಿಲ್ಲ.
"ಬಿಗಿ ಹೆಚ್ಚಾದ್ರೆ ಎಳೆಯೋವಾಗ ನಿನ್ ಕೈ ಹೋಯ್ತದೆ,
ಸಡ್ಲಾದ್ರೆ ಇನ್ನೊಬ್ಬರ ಕಾಲು.
ರಾತ್ರಿ ಒಳಗೇ ಮಲಗಿಸ್ಬ್ಯಾಡ, ಚರ್ಮ ಬೆವರ್ತದೆ."
ಏಳುನೂರು. ಚೌಕಾಸಿ ಮಾಡಿದೆ.
ಒರೆಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.
ಏಳುನೂರೇ ಕೊಟ್ಟೆ.

ಹಳಗನ್ನಡದಲ್ಲಿ ಒರೆ ಅಂದರೆ ಹೇಳು ಅಂತಲೂ ಅರ್ಥವಂತೆ,
ಎಸ್ಟೇಟಿನ ರೈಟರ್ ಶೇಷೇಗೌಡರು ಹೇಳಿದರು;
ಚಿನ್ನ ಉಜ್ಜಿ ನೋಡುವ ಕಲ್ಲಿಗೂ ಅದೇ ಹೆಸರು.
ಇರಬಹುದು. ನನ್ನ ಒರೆ ಆಡುವುದು ಒಂದೇ ಮಾತು:
ಟಕ್.
ಮರದ ಮೇಲೆ, ಗಾಳಿಯಲ್ಲಿ,
ಕಣ್ಣಿಲ್ಲದ ಕೈ ಹಿಂದಕ್ಕೆ ಹೋಗಿ ಬಾಯಿ ಹುಡುಕಿ
ಅದನ್ನು ಕೇಳಿಸಿಕೊಂಡ ಮೇಲೇ ಇನ್ನೊಂದು ಕೊಂಬೆ.

ರೂಪಾಲಿಗೆ ಹೊಸ ಚಪ್ಪಲಿ ತಂದುಕೊಟ್ಟೆ.
ಊರಿಗೆ ಹೋಗುವಾಗ ಹಾಕುತ್ತೇನೆಂದು ಕಟ್ಟಿಟ್ಟಿದ್ದಾಳೆ.
ತೋಟಕ್ಕೆ ಈಗಲೂ ಹಳೆಯದೇ,
ತೂತಿನ ತುಂಬ ಕೆಮ್ಮಣ್ಣು.
ಮೊದಲೊಂದು ವಾರ ನನ್ನ ಮರ ಬಳಸಿ ನಡೆಯುತ್ತಿದ್ದಳು
ತಲೆ ಎತ್ತಿ ಎತ್ತಿ ನೋಡುತ್ತಾ.
ನಿನ್ನೆ ಅಡಿಯಲ್ಲೇ ಹಾದುಹೋದಳು,
ಫೋನಿನಲ್ಲಿ ತಾಯಿಯೊಡನೆ ಏನೋ ಜಗಳ.
ಮೇಲೆ ನೋಡಲಿಲ್ಲ.

ನಾನು ಕೆಳಗೆ ನೋಡಿದೆ.
ಕೈ ತಾನಾಗಿ ಹಿಂದಕ್ಕೆ ಹೋಗಿ
ಆಗಲೇ ಕೂತಿದ್ದ ಕತ್ತಿಯನ್ನು
ಇನ್ನೊಮ್ಮೆ ಒತ್ತಿತು.